ತಲೆಬರಹದ ನಾಲ್ಕು ಗೆರೆ

ನರಸಿಂಗರಾವ ಔರಾದಕರನ ಹಣೆ ನನ್ನ ಅಪ್ಪನ ಪೇಟಿಗೆ ಮುಟ್ಟಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಅವನ ಹೊಲ ಬೇಡ, ಅವನ ಕ್ಷಮೆ ಬೇಡ, ಅವನ ಮನೆಗೆ ಬೆಂಕಿ ಬೀಳುವುದೂ ಬೇಡ. ಕಾಲಿನಿಂದ ಒದ್ದದ್ದಕ್ಕೆ ಹಣೆ ಹಚ್ಚಲಿ. ಜನರೆದುರು ಒದ್ದಿದ್ದ, ಜನರೆದುರೇ ಹಚ್ಚಲಿ. ಆಮೇಲೆ ಅವನು ಎಲ್ಲಿ ಹಾಳಾಗಿ ಹೋದರೂ ನನಗೇನು?

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಡೆ ಅಷ್ಟುದ್ದದ ಹೆಸರು ಯಾರೂ ಹೇಳುವುದಿಲ್ಲ. ನನ್ನ ಅಪ್ಪ ಕಾಶೀರಾಮ, ಭಾಲ್ಕಿ ತಾಲೂಕಿನ ಮೆಹಕರದವನು. ಹೊಲದಿಂದ ಬಂದು ಕೈಕಾಲು ತೊಳೆದು ಪೇಟಿಯ ಮುಂದೆ ಕೂತನೆಂದರೆ ಓಣಿಯ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಭಜನೆಯವರಿಗೂ ಅವನೇ ಬೇಕು, ನಾಟಕದವರಿಗೂ ಅವನೇ ಬೇಕು. ಪೇಟಿಯ ಮುಚ್ಚಳದ ಒಳಮೈಗೆ ಹಳದಿ ಬಣ್ಣದಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆಸಿಕೊಂಡಿದ್ದ. ಮರಾಠಿ ಅಕ್ಷರ. ನಿಜಾಮನ ಕಾಲದಲ್ಲಿ ನಮ್ಮ ಕಡೆಯ ಶಾಲೆಗಳಲ್ಲಿ ಕಲಿಸಿದ್ದು ಉರ್ದು, ಮರಾಠಿ; ಕನ್ನಡ ಬಾಯಲ್ಲಿ ಮಾತ್ರ ಇತ್ತು. "ಮಂದಿ ಮುಚ್ಚಳಕ್ಕ ದೇವರ ಫೋಟೋ ಹಚ್ಚತಾರ, ಇಂವ ತನ್ನ ಹೆಸರು ಹಚ್ಚ್ಯಾನ ನೋಡು" ಎಂದು ಅವ್ವ ಅವನನ್ನು ಛೇಡಿಸುತ್ತಿದ್ದಳು. ಅವನು ನಗುತ್ತ ಪೇಟಿಗೆ ಗಾಳಿ ಹಾಕುತ್ತಿದ್ದ.

ನಿಜಾಮನ ಆಳ್ವಿಕೆ ಹೋಗಿ ಕೆಲವು ವರ್ಷವಾಗಿತ್ತು. ಭಾಲ್ಕಿಯ ಒಂದು ದೊಡ್ಡ ವಾಡೆಯಲ್ಲಿ ಗಾಯನ ಇತ್ತು. ಹಾಡುವವನು ಔರಾದದ ನರಸಿಂಗರಾವ. ಪುಣೆಗೆ ಹೋಗಿ ಕಲಿತು ಬಂದವನು, ಕುತ್ತಿಗೆಗೆ ರೇಷ್ಮೆ ವಲ್ಲಿ, ಕಾಲು ಚಾಚಿದರೆ ಒತ್ತಲು ಎರಡೂ ಕಡೆ ಶಿಷ್ಯರು. ಸಾರಂಗಿಯವನಿಗೆ ಜ್ವರ ಬಂದು ಬರಲಿಲ್ಲ. ವಾಡೆಯವರು ಅಪ್ಪನನ್ನು ಕರೆದು ಸಾಥಿಗೆ ಕೂಡಿಸಿದರು. ನಾನು ಹೆಂಗಸರ ಜೊತೆ ಮಾಳಿಗೆಯ ಮೇಲೆ ಕೂತು ಕೆಳಗೆ ನೋಡುತ್ತಿದ್ದೆ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಮೇಲಿನ ಷಡ್ಜಕ್ಕೆ ಹೋದಾಗ ನರಸಿಂಗರಾವನ ಗಂಟಲು ಜಾರಿತು. ಅಪ್ಪ ಏನು ಮಾಡಬೇಕಿತ್ತು? ತಾನೂ ಜಾರಬೇಕಿತ್ತೇ? ಬೆರಳನ್ನು ಆ ಸ್ವರದ ಮೇಲೆಯೇ ಇಟ್ಟು ಹಿಡಿದ. ಪೇಟಿ ಸ್ವಚ್ಛವಾಗಿ ನಿಂತಿತು, ಹಾಡುವವನು ಕೆಳಗೆ ಉಳಿದ. ಕೂತವರಲ್ಲಿ ಯಾರೋ "ವಾಹ್ ಕಾಶೀರಾಮ!" ಎಂದುಬಿಟ್ಟರು.

ನರಸಿಂಗರಾವ ಹಾಡು ನಿಲ್ಲಿಸಿದ.

"ಈ ಡಬ್ಬಿ ಯಾರ ತಂದ್ರಿ ಇಲ್ಲಿ? ರೇಡಿಯೋದವ್ರೇ ಇದನ್ನ ಹೊರಗ ಹಾಕ್ಯಾರ. ಇದು ವಾದ್ಯ ಅಲ್ರಿ, ಅಂಗ್ರೇಜರು ಬಿಟ್ಟು ಹೋದ ಕಸ. ಎತ್ರಿ ಇದನ್ನ!"

ಅಪ್ಪ ಗಡಬಡಿಸಿ ಮುಚ್ಚಳ ಹಾಕಿದ. ಎತ್ತುವುದಕ್ಕೂ ಬಿಡಲಿಲ್ಲ ಆ ಪುಣ್ಯಾತ್ಮ. ಎದ್ದು ಬಂದು ಬಲಗಾಲಿನಿಂದ ಪೇಟಿಯನ್ನು ದೂಡಿದ. ಹೊಸ್ತಿಲಿಗೆ ಕಾಲು ತಾಕಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು, ವಾದ್ಯಕ್ಕೆ ಒದ್ದ! ಪೇಟಿ ಮಗುಚಿ, ಮುಚ್ಚಳದ ಮೇಲೆಯೇ ಜಾರುತ್ತ ಕಲ್ಲಿನ ಮೆಟ್ಟಿಲು ಇಳಿಯಿತು. ಕಲ್ಲಿಗೆ ಸಾಗವಾನಿ ತಿಕ್ಕುವ ಸದ್ದು ಮಾಳಿಗೆಯವರೆಗೆ ಕೇಳಿಸಿತು. ಗಾಳಿಚೀಲ ಹರಿಯಿತು, ಒಳಗಿನ ಹಿತ್ತಾಳೆ ಪಟ್ಟಿಗಳು ಅಂಗಳದ ತುಂಬ ಬಿದ್ದವು. ಅಷ್ಟು ಜನರಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ.

ಅಪ್ಪ ಆ ಪಟ್ಟಿಗಳನ್ನು ಒಂದೊಂದಾಗಿ ಆರಿಸಿ ಧೋತರದ ಸೆರಗಿಗೆ ಹಾಕಿಕೊಂಡ. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ನಿಂತವನಿಗೆ ಕೈ ಮುಗಿದ. "ತಪ್ಪಾತ್ರಿ ರಾವಸಾಹೇಬ್ರ" ಎಂದ. ಒದ್ದದ್ದಕ್ಕಿಂತ ಆ ಕೈ ಮುಗಿದದ್ದೇ ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಅಂದಿನಿಂದ ಅಪ್ಪ ಯಾರ ಪೇಟಿಯನ್ನೂ ಮುಟ್ಟಲಿಲ್ಲ. ನಾನು ಆ ಮಾತು ಎತ್ತಿದರೆ, "ಬಿಡವ್ವಾ, ದೊಡ್ಡ ಮಂದಿ. ಅವ್ರ ಕಾಲು, ಅವ್ರ ಮೆಟ್ಟಲು" ಎಂದು ಮುಖ ತಿರುಗಿಸುತ್ತಿದ್ದ. ಬಿಡುವುದು ಹೇಗೆ? ಬೇರೆ ಹೆಣ್ಣುಮಕ್ಕಳು ತವರಿನಿಂದ ಉಡಿ ತುಂಬಿಸಿಕೊಂಡು ಬರುತ್ತಾರೆ. ನಾನು ಆ ಸಲ ಬೀದರಕ್ಕೆ ಗಂಡನ ಮನೆಗೆ ಹೊರಟಾಗ ಮುರಿದ ಪೇಟಿಯ ಮುಚ್ಚಳ ಎತ್ತಿಕೊಂಡು ಬಂದೆ. ಒಳಮೈಯಲ್ಲಿ ಅಪ್ಪನ ಹೆಸರು, ಹೊರಮೈಯಲ್ಲಿ ಕಲ್ಲು ಗೀರಿದ ನಾಲ್ಕು ಉದ್ದನೆಯ ಗೆರೆ.

ನನ್ನ ಗಂಡ ಪಂಢರಿ ಬೀದರದ ಚೌಬಾರಾ ಹತ್ತಿರ ಅಬ್ದುಲ ಸಮದ ಅವರ ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುವವನು, ಬೇಕಾದಾಗ ಕಟ್ಟಿಗೆಯ ಅಚ್ಚನ್ನೂ ಕೊರೆಯುವವನು. ನಾನು ಅಲ್ಲಿಯೇ ಹಾಳೆ ಮಡಚುತ್ತೇನೆ, ಹೊಲಿಯುತ್ತೇನೆ. ಹಾಳೆ ಮಡಚಲು ಕೆಳಗೊಂದು ನುಣುಪಾದ ಹಲಗೆ ಬೇಕು. ನಾನು ಅಪ್ಪನ ಮುಚ್ಚಳವನ್ನೇ ಇಟ್ಟುಕೊಂಡೆ. ಗೆರೆ ಬಿದ್ದ ಮೈ ಕೆಳಗೆ, ಹೆಸರಿನ ಮೈ ಮೇಲೆ. ವರ್ಷಗಟ್ಟಲೆ ಊರಿನವರ ಲಗ್ನಪತ್ರಿಕೆಗಳನ್ನು ಅಪ್ಪನ ಹೆಸರಿನ ಮೇಲೆಯೇ ಮಡಚಿದ್ದೇನೆ. ಸಿಟ್ಟು ಆರದಂತೆ ಇಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಮುಂದೆ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳ ಬೋರ್ಡು ಬದಲಾದವು, ರಸೀದಿ ಬದಲಾದವು, ಮೈಸೂರು ಕಡೆಯ ಸಾಹೇಬರು ಬಂದರು. ಅದುವರೆಗೆ ಉರ್ದು, ಮರಾಠಿ ಛಾಪಿಸುತ್ತಿದ್ದ ಸಮದ ಚಾಚಾ ಹುಬ್ಬಳ್ಳಿಯಿಂದ ಕನ್ನಡ ಮೊಳೆ ತರಿಸಿದರು. ಅವರು ಮೂಲದಲ್ಲಿ ಉರ್ದು ಬರೆಯುವ ಕಾತಿಬ. ಗಡ್ಡ ಬೆಳ್ಳಗಾದ ಮೇಲೆ ಕನ್ನಡ ಅಕ್ಷರ ಕಲಿಯಲು ಕೂತರು. "ಹುಟ್ಟಿದಾಗಿಂದ ಬಲಗಡೆಯಿಂದ ಎಡಗಡಿಗಿ ನಡದಾಂವ ನಾನು, ಈಗ ಸರ್ಕಾರ ಹಿಂದಕ್ಕ ತಿರಗಂತದ ನೋಡ ಬೇಟಿ" ಎಂದು ನಗುವರು.

ಅದರ ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಛಾಪಖಾನೆಯ ಬಾಗಿಲಲ್ಲಿ ರೇಷ್ಮೆ ವಲ್ಲಿ ಕಾಣಿಸಿತು. ನರಸಿಂಗರಾವ! ನನ್ನ ಕೈಯ ಹಾಳೆ ಅಲ್ಲಿಯೇ ನಿಂತಿತು. ಅವನು ನನ್ನನ್ನು ಗುರುತಿಸಲಿಲ್ಲ. ಮಾಳಿಗೆಯ ಮೇಲಿನ ಹೆಂಗಸರನ್ನು ಕೆಳಗಿನವರು ಯಾಕೆ ನೋಡುತ್ತಾರೆ?

"ಸಂಗೀತದ ಮಾಸಪತ್ರಿಕೆ ತೆಗೀಲತ್ತೇನ್ರಿ ಸಮದಸಾಬ. ಕನ್ನಡದಾಗ. ಹೆಸರು 'ಸ್ವರಾಂಗಣ'. ರಾಜ್ಯ ಸೇರಿ ವರ್ಷ ತುಂಬೋ ದಿನ ಮೊದಲ ಸಂಚಿಕೆ ಹೊರಗ ಬರಬೇಕು. ವಿದ್ಯಾ ಇಲಾಖೆ ಸಾಹೇಬ್ರು ಬರ್ತೇನಿ ಅಂದಾರ. ಅವ್ರ ಮನಸ್ಸಿಗಿ ಬಂತಂದ್ರ ಎಲ್ಲಾ ಸರ್ಕಾರಿ ವಾಚನಾಲಯಕ್ಕೂ ತಗೋತಾರ."

ಚಾಚಾ ತಲೆಯಾಡಿಸಿದರು. ನರಸಿಂಗರಾವ ಬೆರಳು ಎತ್ತಿದ.

"ಒಂದು ಮಾತು ನೆಪ್ಪಿಡ್ರಿ. ನನ್ನ ಪತ್ರಿಕ್ಯಾಗ ಪೇಟಿ ಅನ್ನೋ ಶಬ್ದ ಒಮ್ಮಿಯೂ ಬರಬಾರದು. ಯಾರ ಲೇಖನದಾಗರೆ ಬಂದ್ರ ಕಿತ್ತು ಹಾಕ್ರಿ."

ನಾನು ಹಲಗೆಯ ಮೇಲೆ ಅಂಗೈ ಒತ್ತಿ ಹಿಡಿದು ಕೂತೆ. ಇಲ್ಲದಿದ್ದರೆ ಆ ಹಲಗೆಯನ್ನೇ ಎತ್ತಿ ಅವನ ತಲೆಗೆ ಹಾಕುತ್ತಿದ್ದೆನೇನೋ.

ಮಾತು ತಲೆಬರಹಕ್ಕೆ ಬಂತು. ಪತ್ರಿಕೆಯ ಹೆಸರನ್ನು ಮುಖಪುಟದ ನೆತ್ತಿಯ ಮೇಲೆ ಯಾವ ಅಕ್ಷರದಲ್ಲಿ ಹಾಕುವುದು? ಅಷ್ಟು ದೊಡ್ಡ ಕನ್ನಡ ಮೊಳೆ ನಮ್ಮಲ್ಲಿ ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಬಹುದು, ಹೈದರಾಬಾದಿನಲ್ಲಿ ಜಿಂಕ್ ಬ್ಲಾಕು ಮಾಡಿಸಬಹುದು, ಇಲ್ಲವೇ ಚಾಚಾ ಕಲಮಿನಿಂದ ಬರೆದು ಕೊಟ್ಟರೆ ಪಂಢರಿ ಕಟ್ಟಿಗೆಯಲ್ಲಿ ಕೊರೆಯಬಹುದು. "ಮೂರೂ ಮಾಡಿ ತೋರಸ್ರಿ, ನಾ ಆರಸ್ತೇನಿ" ಎಂದು ನರಸಿಂಗರಾವ ಎದ್ದ. ಹೋಗುವಾಗ ಹೊದಿಕೆಯ ಕಾಗದ ನೋಡಿದ. ಹಳದಿ ಚೆನ್ನಾಗಿದೆ ಎಂದು ಪಂಢರಿ ಹೇಳಿದ ಕೂಡಲೇ, "ಹಳದಿ ಏನ ಛಂದ? ನೀಲಿ ತಗೀರಿ" ಎಂದ. ದಾರ ಬಿಳಿ ಇರಲಿ ಎಂದು ಚಾಚಾ ಅಂದರು. ಅವನು ಕೆಂಪು ಅಂದ. ನಮ್ಮಂಥವರು ಪೂರ್ವ ಎಂದರೆ ಅವನಿಗೆ ಪಶ್ಚಿಮ ಕಾಣುತ್ತಿತ್ತು. ಅದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡೆ.

ಅವನು ಹೋದ ಮೇಲೆ ಚಾಚಾ ಪಂಢರಿಗೆ ಹೇಳಿದರು: "ಹೊಸ ಕಟ್ಟಿಗಿ ಬ್ಯಾಡಪ್ಪಾ, ಸೀಳ್ತದ. ಹಳೇ ಸಾಗವಾನಿ ಎಲ್ಲರೆ ಸಿಗ್ತದೇನು ನೋಡು."

ನಾನು ಮಡಚುತ್ತಿದ್ದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಮುಚ್ಚಳ ಎತ್ತಿ ಕೊಟ್ಟೆ.

ಪಂಢರಿಯ ಮುಖ ಸುಣ್ಣದಂತಾಯಿತು. ಅವನಿಗೆ ಎಲ್ಲ ಗೊತ್ತಿತ್ತು. "ಏ ಮೀರಾ, ಹುಚ್ಚ ಹಿಡದದೇನ ನಿನಗ? ಇದು ಮಾವನ್ದು."

"ಅದಕ್ಕೇ ಕೊಡ್ಲತ್ತೇನಿ. ಗೆರಿ ಬಿದ್ದ ಕಡಿಗಿ ಕೊರೀರಿ. ಹೆಸರಿನ ಕಡಿ ಮುಟ್ಟಬ್ಯಾಡ್ರಿ."

"ಗೆರಿ ಛಾಪದಾಗ ಬೆಳ್ಳಗ ಕಾಣ್ತಾವ. ರಂದಾ ಹೊಡದು ಸಾಫ ಮಾಡ್ತೇನಿ."

"ರಂದಾ ಮುಟ್ಟಿಸಿದ್ರಿ ಅಂದ್ರ ನಾ ನಿಮ್ಮ ಮನ್ಯಾಗ ಇರಂಗಿಲ್ಲ."

ಚಾಚಾ ಮುಚ್ಚಳವನ್ನು ತಿರುಗಿಸಿ ಹಳದಿ ಹೆಸರನ್ನು ಓದಿದರು. ನಾನು ಭಾಲ್ಕಿಯ ಕಥೆ ಹೇಳಿದೆ. ನಮ್ಮ ಛಾಪಖಾನೆಯಲ್ಲಿ ಒಂದು ರಿವಾಜು ಇದೆ. ಹೊಸ ಪತ್ರಿಕೆ ಯಾವುದೇ ಬರಲಿ, ಮೊದಲ ಹಾಳೆ ತೆಗೆಯುವ ಮುಂಚೆ ಅದರ ಧಣಿ ತಲೆಬರಹದ ಅಚ್ಚಿಗೆ ಬಾಗಿ ಹಣೆ ಹಚ್ಚಬೇಕು. ಉರ್ದು ವಾರಪತ್ರಿಕೆಯವರಿಗೂ ತಪ್ಪಿದ್ದಲ್ಲ, ಮರಾಠಿಯವರಿಗೂ ತಪ್ಪಿದ್ದಲ್ಲ. ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಚಾಚಾಗೆ ತಿಳಿಯಿತು. ಗಡ್ಡ ನೀವಿಕೊಂಡರು.

"ಅಂವ ಇದನ್ನೇ ಆರಸಬೇಕಲ್ಲ ಬೇಟಿ?"

"ಆರಸ್ತಾನ. ನೀವು ಛಂದ ಬರೀರಿ."

ಬರೆದರು ನೋಡಿ! ಕಲಮನ್ನು ಓರೆಯಾಗಿ ಕತ್ತರಿಸಿ ಬರೆದರು. ಒಂದು ಕಡೆ ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು. 'ಸ್ವ'ದ ಒತ್ತು ಕೆಳಗೆ ಸುತ್ತಿ ಮುಂದಿನ ಅಕ್ಷರದ ಕಾಲ ಹತ್ತಿರ ಬಂದು ನಿಂತಿತ್ತು, ತುದಿಯ 'ಣ' ಅವಸರವಿಲ್ಲದೆ ಮುಗಿದಿತ್ತು. ಪಂಢರಿ ಅದನ್ನು ಉಲ್ಟಾ ಮಾಡಿ ಹಲಗೆಗೆ ಇಳಿಸಿ ಕೊರೆದ. ಮೊದಲ ಛಾಪ ತೆಗೆದಾಗ ಕಪ್ಪು ಅಕ್ಷರಗಳ ನಡುವೆ ಈ ತುದಿಯಿಂದ ಆ ತುದಿಯವರೆಗೆ ನಾಲ್ಕು ಸಣ್ಣ ಬಿಳಿ ಗೆರೆ ಓಡಿದ್ದವು. ನನಗೆ ಭಾಲ್ಕಿಯ ಮೆಟ್ಟಿಲು ಕಂಡಿತು, ಸದ್ದೂ ಕೇಳಿಸಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಾ ಮಗನ, ಈಗ ಬಾ" ಎಂದು ಬಾಯ್ಬಿಟ್ಟೇ ಅಂದೆ.

ಹೇಳಿದ ದಿನ ನರಸಿಂಗರಾವ ಶಿಷ್ಯರ ಜೊತೆ ಬಂದ. ಮೂರು ಛಾಪವನ್ನೂ ಹಗ್ಗಕ್ಕೆ ಸಾಲಾಗಿ ತೂಗು ಹಾಕಿದ್ದೆವು. ಹುಬ್ಬಳ್ಳಿಯ ಮೊಳೆಯನ್ನು ನೋಡಿ ಮೂಗು ಮುರಿದ. "ಇದು ಸೊಸಾಯಿಟಿ ರಸೀದಿ ಕಂಡಂಗ ಕಾಣ್ತದ." ಜಿಂಕ್ ಬ್ಲಾಕಿನ ಮುಂದೆ ಬಂದು ನಿಂತ. ಉಬ್ಬು ಅಕ್ಷರ, ಪಕ್ಕದಲ್ಲಿ ನೆರಳು, ಮೂಲೆಯಲ್ಲಿ ಒಂದು ನವಿಲು. ಅವನ ಮುಖ ಅರಳಿತು. ನನ್ನ ಜೀವ ಬಾಯಿಗೆ ಬಂತು.

"ಇದು ಬೇಷ್ ಅದ. ಇದನ್ನೇ..."

"ಇದನ್ನೇ ಹಾಕ್ರಿ ರಾವಸಾಹೇಬ್ರ!" ನಾನು ಕೂತಲ್ಲಿಂದಲೇ ಕೂಗಿದೆ. "ಭಾಳ ಛಂದ ಅದ್ರಿ ಯಪ್ಪಾ. ಹೈದರಾಬಾದ್ ಸಿನೆಮಾ ಟಾಕೀಜಿನ ಬೋರ್ಡ ಇದ್ದಂಗ ಅದ. ನಮ್ಮ ಓಣಿ ಹೆಣ್ಣಮಕ್ಕಳಿಗೆಲ್ಲಾ ಇದೇ ಮನಸ್ಸಿಗಿ ಬಂದದ."

ಅವನು ತಿರುಗಿ ನೋಡಿದ. ಬಾಯಿ ಕಹಿಯಾದವರ ಮುಖ.

"ಸಿನೆಮಾ ಬೋರ್ಡ?"

"ಹೌದ್ರಿ. ಆ ಕಟ್ಟಿಗೀದು ಮಾತ್ರ ಬ್ಯಾಡ್ರಿ. ನಮ್ಮವ್ರು ಕೊರದಾರ ಖರೇ, ಹಲಗಿ ಖರಾಬ ಇತ್ತು. ನೋಡ್ರಿ ಹ್ಯಾಂಗ ಗೆರಿ ಬಿದ್ದಾವ. ಮೇಣ ತುಂಬಿ ಮುಚ್ಚರಿ ಅಂದ್ರ ಕೇಳವಲ್ಲರು."

ನರಸಿಂಗರಾವ ಕಟ್ಟಿಗೆಯ ಛಾಪದ ಹತ್ತಿರ ಹೋದ. ಕನ್ನಡಕ ಏರಿಸಿದ. ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ. ಬೆರಳಿನಿಂದ ಆ ಗೆರೆಗಳ ಉದ್ದಕ್ಕೂ ಸವರಿದ.

"ಎಷ್ಟು ಗೆರಿ ಅವ ಇಲ್ಲಿ?"

"ನಾಲ್ಕರಿ" ಎಂದ ಶಿಷ್ಯ.

"ತಂಬೂರಿಗಿ ಎಷ್ಟು ತಂತಿ?"

ಶಿಷ್ಯರು "ಆಹಾ!" ಎಂದರು. ನರಸಿಂಗರಾವ ನನ್ನ ಕಡೆ ತಿರುಗಿದ. "ಏ ಬಾಯಿ, ನಿನಗೇನು ತಿಳೀತದ? ಹಾಳಿ ಮಡಚಾಕಿ ಹಾಳಿ ಮಡಚು. ಇವು ಗೆರಿ ಅಲ್ಲ, ತಂಬೂರಿ ತಂತಿ. ಅಕ್ಷರದ ಒಳಗ ಶ್ರುತಿ ಹಿಡದು ನಿಂತಾವ. ಸಮದಸಾಬ, ಇದೇ ಇರಲಿ. ಮೇಣ ಗೀಣ ಏನೂ ತುಂಬಬ್ಯಾಡ್ರಿ. ಇದರ ಮ್ಯಾಲೇ ನಾ ಸಂಪಾದಕೀಯ ಬರೀತೇನಿ."

"ನೀವು ಶಾಣ್ಯಾರು, ನಿಮಗ ತಿಳೀತದ್ರಿ" ಎಂದು ನಾನು ತಲೆ ತಗ್ಗಿಸಿ ಹಾಳೆ ಮಡಚಿದೆ. ನಗು ತಡೆಯಲು ನಾಲಿಗೆ ಕಚ್ಚಿಕೊಂಡಿದ್ದೆ, ರಕ್ತ ಬಂದಿತ್ತು.

ಸಂಪಾದಕೀಯ ಬರೆದೂ ಬರೆದ. ಪುಟಗಟ್ಟಲೆ. "ಈ ನಾಲ್ಕು ಗೆರೆಗಳು ನಮ್ಮ ಪತ್ರಿಕೆಯ ಪ್ರಾಣ. ಇವುಗಳನ್ನು ಬಿಟ್ಟರೆ 'ಸ್ವರಾಂಗಣ'ಕ್ಕೆ ಬೇರೆ ಗುರುತಿಲ್ಲ" ಎಂದು ಬರೆದ. ಪಂಢರಿ ಅದನ್ನು ಮೊಳೆ ಜೋಡಿಸುತ್ತ ಜೋಡಿಸುತ್ತ ನನಗೆ ಓದಿ ಹೇಳುತ್ತಿದ್ದ. ಒಳಗಿನ ಪುಟಗಳೆಲ್ಲ ಛಾಪಾಗಿ ಮುಗಿದವು. ಮುಖಪುಟ ಒಂದನ್ನು ರಾಜ್ಯ ಸೇರಿದ ದಿನದ ಸಮಾರಂಭಕ್ಕೆಂದು ಉಳಿಸಿಕೊಂಡೆವು.

ಆ ದಿನ ಛಾಪಖಾನೆಗೆ ಮಾವಿನ ತೋರಣ ಕಟ್ಟಿದೆವು. ಔರಾದದಿಂದ, ಭಾಲ್ಕಿಯಿಂದ ಸಂಗೀತದವರೆಲ್ಲ ಬಂದಿದ್ದರು. ಅಂದು ವಾಡೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿದ್ದ ಕೆಲವು ಮುಖಗಳೂ ಇದ್ದವು. ಇಲಾಖೆಯ ಸಾಹೇಬರು ಬಂದರು, ಸಣ್ಣ ಮೈಯ, ಮೆತ್ತನೆ ಮಾತಿನ ಮನುಷ್ಯ. ಮೇಜಿನ ಮೇಲೆ ತಟ್ಟೆಯಲ್ಲಿ ಅಚ್ಚು ಇಟ್ಟಿದ್ದೆವು, ಅಕ್ಷರ ಮೇಲೆ, ಹೆಸರು ಕೆಳಗೆ. ಬೆಳಿಗ್ಗೆ ಪಂಢರಿ ಅದರಿಂದ ಒಂದು ಛಾಪ ತೆಗೆದು ನೋಡಿದ್ದ. ಮಸಿ ಒರೆಸಲು ಹೋದಾಗ ಬೇಡ ಎಂದವಳು ನಾನೇ. ಕಣ್ಣು ಅತ್ತ ಹೋಗಲೆಂದು ಅಂಚಿನ ಸುತ್ತ ಚೆಂಡುಹೂವು ಒಟ್ಟಿದವಳೂ ನಾನೇ.

"ರಾವಸಾಹೇಬ್ರ, ನಮ್ಮಲ್ಲಿ ರಿವಾಜ ಅದ" ಎಂದರು ಚಾಚಾ.

"ಗೊತ್ತದ, ಗೊತ್ತದ." ನರಸಿಂಗರಾವ ವಲ್ಲಿ ಸರಿಪಡಿಸಿಕೊಂಡ. ಎರಡೂ ಕೈ ಜೋಡಿಸಿದ. ಬಾಗಿದ. ಸಾಹೇಬರು ನೋಡುತ್ತಿದ್ದಾರೆಂದು ಸುಮ್ಮನೆ ಮುಟ್ಟಿಸಿ ಏಳಲಿಲ್ಲ, ಹಣೆಯನ್ನು ಒತ್ತಿ, ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಶ್ಲೋಕ ಹೇಳಿಕೊಂಡು ಹಾಗೆಯೇ ಇದ್ದ. ನಾನು ಆ ಬೋಳು ನೆತ್ತಿಯನ್ನು ಕಣ್ತುಂಬ ನೋಡಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಇನ್ನೂ ಸ್ವಲ್ಪ ಹೊತ್ತು ಇರು, ಇನ್ನೂ ಸ್ವಲ್ಪ ಎಂದುಕೊಂಡೆ.

ಎದ್ದಾಗ ಹಣೆಯ ಮೇಲೆ ಕಪ್ಪು ಮಸಿ ಅಂಟಿತ್ತು, ನಡುವೆ ಬಿಳಿ ಗೆರೆ. ಜನ ಕಿಸಕ್ಕೆಂದರು. ಅವನೂ ನಕ್ಕು, "ಸರಸ್ವತಿ ಪ್ರಸಾದ!" ಎಂದ.

ನಾನು ಮುಂದೆ ಬಂದೆ. ಹೂವು ಸರಿಸಿ, ಅಚ್ಚನ್ನು ಎತ್ತಿ, ತಿರುಗಿಸಿ ಅವನ ಎದೆಯ ಮುಂದೆ ಹಿಡಿದೆ.

"ಇದನ್ನೂ ಓದರಿ ರಾವಸಾಹೇಬ್ರ. ಮರಾಠಿ ಬರ್ತದಲ್ಲ ನಿಮಗ?"

ಹಳದಿ ಬಣ್ಣ ಸವೆದಿತ್ತು, ಆದರೆ ಹೆಸರು ನಿಚ್ಚಳವಾಗಿತ್ತು. ಅವನು ಓದಿದ. ಹಿಂದೆ ನಿಂತಿದ್ದ ಭಾಲ್ಕಿಯವರಲ್ಲಿ ಒಬ್ಬರು, "ಅಯ್ಯ, ಇದು ಕಾಶೀರಾಮನ ಪೇಟಿದು!" ಎಂದರು.

ಸಾಹೇಬರಿಗೆ ಅರ್ಥವಾಗಲಿಲ್ಲ. "ಏನಮ್ಮಾ ಇದು?"

"ಪೇಟಿ ಮುಚ್ಚಳರಿ. ನಮ್ಮಪ್ಪಂದು. ಮುರದು ಹೋಗಿತ್ತು."

"ಓಹೋ!" ಸಾಹೇಬರ ಮುಖ ಅರಳಿತು. "ಮುರಿದ ವಾದ್ಯದಿಂದ ತಲೆಬರಹ ಮಾಡಿಸಿದ್ದೀರಾ ರಾಯರೇ? ಎಂಥ ಒಳ್ಳೆಯ ಯೋಚನೆ! ಒಬ್ಬ ಕಲಾವಿದರಿಗೆ ಎಂಥ ಗೌರವ!"

ಅಲ್ಲಿಯೇ ನೋಡಿ ಅವನ ಜಾತಕ ಬಯಲಾದದ್ದು. ಸುಟ್ಟ ಮುಖ ಕ್ಷಣದಲ್ಲಿ ತಿಳಿಯಾಯಿತು. ಗಂಟಲು ಸರಿಮಾಡಿಕೊಂಡು, "ಹೌದ್ರಿ... ನನಗ ಮೊದಲಿಂದ್ಲೂ ಬಡ ಕಲಾವಿದರ ಬಗ್ಗೆ..." ಎಂದು ಸುರು ಹಚ್ಚಿದ.

ಒದ್ದವನೂ ಅವನೇ, ಈಗ ಪುಣ್ಯ ಕಟ್ಟಿಕೊಳ್ಳುವವನೂ ಅವನೇ! ನನ್ನ ಮೈಯೆಲ್ಲ ಉರಿದು ಹೋಯಿತು.

"ಪೂರಾ ಹೇಳ್ರಿ ರಾವಸಾಹೇಬ್ರ" ಎಂದೆ. "ಹ್ಯಾಂಗ ಮುರೀತು, ಅದನ್ನೂ ಹೇಳ್ರಿ. ನೀವು ಹೇಳಂಗಿಲ್ಲಂದ್ರ ನಾ ಹೇಳ್ತೇನಿ. ಸಾಹೇಬ್ರ, ಇವ್ರ ಸುರ ಜಾರಿತ್ತರಿ, ನಮ್ಮಪ್ಪನ ಪೇಟಿ ಜಾರಲಿಲ್ಲ. ಅದಕ್ಕ ಇವ್ರು ಬಲಗಾಲಿಲೆ ಅದನ್ನ ಮೆಟ್ಟಲಕ್ಕ ದೂಡಿದ್ರು. ಭಾಲ್ಕ್ಯಾಗ. ಆ ನಾಲ್ಕು ಗೆರಿ ತಂಬೂರಿ ತಂತಿ ಅಲ್ರಿ, ಮೆಟ್ಟಲದ ಕಲ್ಲು ಗೀರಿದ್ದು. ಇಲ್ಲಿ ನಿಂತವ್ರೊಳಗ ನೋಡಿದವ್ರು ಇದ್ದಾರ. ಅವತ್ತ ಸುಮ್ಮನಿದ್ರಿ, ಇವತ್ತರೆ ಬಾಯಿ ಬಿಡ್ರಿ!"

ಪಂಢರಿ ನನ್ನ ಸೆರಗು ಜಗ್ಗುತ್ತಿದ್ದ. ನಾನು ಕೊಡವಿದೆ.

ಪೇಟಿಯನ್ನು ಗುರುತಿಸಿದ ಆ ಭಾಲ್ಕಿಯವರೇ, "ಖರೇ ಅದರಿ" ಎಂದರು. ಮತ್ತೊಬ್ಬರು, "ನಾನೂ ಇದ್ದೆ" ಎಂದರು. ಸಾಹೇಬರು ನರಸಿಂಗರಾವನ ಕಡೆ ತಿರುಗಿ, "ಹೌದೇ?" ಎಂದಷ್ಟೇ ಕೇಳಿದರು. ಅವನು ವಲ್ಲಿಯಿಂದ ಹಣೆ ತಿಕ್ಕಿಕೊಂಡ. ಛಾಪಖಾನೆಯ ಮಸಿ ವಲ್ಲಿಗೆ ಹೋಗುತ್ತದೆಯೇ? ಹಣೆಯ ತುಂಬ ಹರಡಿತು.

"ಇದು ಮೋಸ! ಈ ಹಲಗಿ ಸುಡ್ರಿ. ಜಿಂಕಿಂದು ಹಾಕ್ರಿ" ಎಂದು ಚೀರಿದ.

ಸಾಹೇಬರು ಒಳಪುಟಗಳ ಕಟ್ಟಿನಿಂದ ಒಂದನ್ನು ಎಳೆದು ಸಂಪಾದಕೀಯ ತೆರೆದರು. "ಈ ಗೆರೆಗಳನ್ನು ಬಿಟ್ಟರೆ ಬೇರೆ ಗುರುತಿಲ್ಲ ಎಂದು ನೀವೇ ಬರೆದಿದ್ದೀರಲ್ಲ ರಾಯರೇ. ನಾನೂ ಒಪ್ಪುತ್ತೇನೆ. ಇಲಾಖೆ ಪತ್ರಿಕೆಯನ್ನು ತೆಗೆದುಕೊಳ್ಳುವುದಾದರೆ ಇದೇ ತಲೆಬರಹ ಇರಲಿ. ಇದು ಯಾರ ಹಾರ್ಮೋನಿಯಂನಿಂದ ಆದದ್ದು ಅಂತ ಪ್ರತಿ ಸಂಚಿಕೆಯಲ್ಲೂ ಕೆಳಗೆ ಒಂದು ಸಾಲು ಹಾಕಿ."

"ಹಾರ್ಮೋನಿಯಂ ಬ್ಯಾಡ್ರಿ ಸಾಹೇಬ್ರ" ಎಂದೆ. "ಪೇಟಿ ಅಂತ ಹಾಕಸ್ರಿ."

ಹೆದರುಪುಕ್ಕಲ ಪಂಢರಿ ಅಲ್ಲಿಯೇ ನಿಂತು ಆ ಸಾಲನ್ನು ಜೋಡಿಸಿದ. ಅವನ ಕೈ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮರುದಿನ ಪತ್ರಿಕೆ ಹಿಡಿದುಕೊಂಡು ಮೆಹಕರಕ್ಕೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪೇಟಿಯ ಮುಚ್ಚಳ ಕೊರೆಸಿದ್ದಕ್ಕೆ ಬೈಯುತ್ತಾನೇನೋ, ದೊಡ್ಡ ಮಂದಿಯ ಗೊಡವೆ ಯಾಕೆ ಎನ್ನುತ್ತಾನೇನೋ ಎಂದು ಅಳುಕಿನಿಂದಲೇ ಹೇಳಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಮುಖಪುಟವನ್ನು ತೊಡೆಯ ಮೇಲೆ ಹಾಸಿಕೊಂಡು ಗೆರೆಗಳ ಮೇಲೆ ಬೆರಳು ಇಟ್ಟ.

"ಹಣಿ ಹಚ್ಚಿದನಾ?"

"ಹಚ್ಚಿದಪ್ಪಾ."

"ಪೂರಾ ಹಚ್ಚಿದನಾ, ಇಲ್ಲಾ ಖಾಲಿ ಬಾಗಿದನಾ?"

"ಒತ್ತಿ ಹಚ್ಚಿದ. ಕಣ್ಣು ಮುಚ್ಚಿ, ಶ್ಲೋಕ ಅಂದ."

"ಮಸಿ ಹತ್ತಿತಾ?"

"ಹಣಿ ತುಂಬ."

ಅಪ್ಪ ನಗತೊಡಗಿದ. ಕೆಮ್ಮು ಬಂತು, ಆದರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. "ಮತ್ತ ಹೇಳವ್ವಾ. ಮೊದಲಿಂದ ಹೇಳು" ಎಂದ. ಹೇಳಿದೆ. "ಸಿನೆಮಾ ಬೋರ್ಡ ಅಂದಿದ್ದು ಬಿಟ್ಟಿ, ಅದನ್ನ ಹೇಳು" ಎಂದ. ಅದನ್ನೂ ಹೇಳಿದೆ. ವರ್ಷಗಟ್ಟಲೆ ಬಿಡವ್ವಾ, ಬಿಡವ್ವಾ ಎಂದ ಮನುಷ್ಯ ಇವನೇ ಏನು!

ನಗು ಇಳಿದ ಮೇಲೆ ಕೇಳಿದ: "ಅವತ್ತ ನಾ ಅವಗ ಕೈ ಮುಗದೆನಲ್ಲ, ನಿನಗ ನೆಪ್ಪದ ಏನು?"

"ಅದಪ್ಪಾ."

"ನನಗೂ ಅದ. ದಿನಾ ಅದ." ಮುಖಪುಟವನ್ನು ಮಡಚದೆ ಎದೆಗೆ ಒತ್ತಿಕೊಂಡ. "ಬರೋ ತಿಂಗಳು ನನ್ನ ಬೀದರಕ್ಕ ಕರಕೊಂಡು ಹೋಗು."

ಅಚ್ಚು ನನ್ನದು. ನಾನು ಅದನ್ನು ಮಾರಿರಲಿಲ್ಲ, ಮಾರುವುದೂ ಇಲ್ಲ. ಪ್ರತಿ ತಿಂಗಳು ಮುಖಪುಟ ಛಾಪಿಸುವ ದಿನ ಪತ್ರಿಕೆಯ ಧಣಿ ತಾನೇ ಬಂದು ಕೇಳಿದರೆ ಕೊಡುತ್ತೇನೆ, ಶಿಷ್ಯರು ಬಂದರೆ ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಎರಡನೆಯ ಸಂಚಿಕೆಯ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಛಾಪಖಾನೆಯ ನಡುವೆ ಕುರ್ಚಿಯ ಮೇಲೆ ಕೂತ. ಅಚ್ಚು ಅವನ ತೊಡೆಯ ಮೇಲಿತ್ತು. ನರಸಿಂಗರಾವ ಬಂದ. ಬಾಗಿಲಲ್ಲಿಯೇ ನಿಂತ. ವಲ್ಲಿ ಹೊಸದು.

"ಅದನ್ನ ಕೊಡ್ರಿ" ಎಂದ, ನೆಲ ನೋಡುತ್ತ.

"ಯಾವುದನ್ನರಿ?" ಅಪ್ಪನ ದನಿ ಬೆಣ್ಣೆಯಷ್ಟು ಮೃದು.

"ತಲೆಬರಹದ ಅಚ್ಚು."

"ಇಲ್ಲಿ ಹಂಗಂದ್ರ ಯಾರಿಗೂ ತಿಳಿಯಂಗಿಲ್ರಿ."

ನರಸಿಂಗರಾವ ಚಾಚಾನ ಕಡೆ ನೋಡಿದ. ಚಾಚಾ ಕಲಮು ಕತ್ತರಿಸುತ್ತಿದ್ದರು, ತಲೆ ಎತ್ತಲಿಲ್ಲ. ಪಂಢರಿಯ ಕಡೆ ನೋಡಿದ. ಪಂಢರಿ ಮೊಳೆ ಹುಡುಕುತ್ತಿದ್ದ. ನನ್ನ ಕಡೆ ಮಾತ್ರ ನೋಡಲಿಲ್ಲ.

"ಪೇಟಿ... ಪೇಟಿ ಕೊಡ್ರಿ" ಎಂದ.

ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡ. ಸಾಥಿಗೆ ಕೂತಾಗ ಹೀಗೆಯೇ ಕೇಳುತ್ತಿದ್ದ.

"ಸುರ ಜಾರಿತ್ರಿ ರಾವಸಾಹೇಬ್ರ" ಎಂದ. "ಮತ್ತೊಮ್ಮಿ ಅನ್ರಿ."